ಕಾವಲಂಗಿಯ ಒಳಜೇಬು

ಸೋಮವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ದೂರು ಬಂತು. ಉಡುಪು ಸಂಗ್ರಹಾಲಯದ ಬೀರುವಿನಲ್ಲಿದ್ದ ಹಳೆಯ ಕಾವಲಂಗಿ ಕಾಣೆ. ದೂರು ಕೊಟ್ಟವಳು ಅಲ್ಲಿನ ಮೇಲ್ವಿಚಾರಕಿ. ಎಫ್‌ಐಆರ್‌ಗೆ ಆಕೆಯೇ ಸಹಿ ಹಾಕಿದಳು.

"ಅಷ್ಟು ಮುಖ್ಯವಾ ಅದು?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ಪುಸ್ತಕ ನಿಂತಿರೋದೇ ಅದರ ಮೇಲೆ ಸರ್. ಕಾವಲಿನವರು ಕೋಟೆಯ ಬೀಗದ ಕೈಯನ್ನ ಅದರ ಒಳಜೇಬಲ್ಲಿ ಇಟ್ಕೊಳ್ತಿದ್ರು, ಅದಕ್ಕೇ ಆ ಹೆಸರು ಅಂತ ಬರ್ದಿದೀನಿ. ನಾಳೆ ತಜ್ಞರು ಬಂದು ಜೇಬಿನ ಹೊಲಿಗೆ ಬಿಚ್ಚಿ ನೋಡೋರಿದ್ರು."

11.15ಕ್ಕೆ ಸಂಗ್ರಹಾಲಯದಲ್ಲಿ ಪಂಚನಾಮೆ. ಬೀರುವಿನ ಬೀಗ ಮುರಿದಿರಲಿಲ್ಲ. ಪಕ್ಕದ ಅಂಗಿಯ ಚೀಟಿಯನ್ನು ಕಾನ್‌ಸ್ಟೇಬಲ್ ಓದಿದ: 'ಆಳಿನ ನಿಲುವಿನಷ್ಟು ಉದ್ದ, ಅದಕ್ಕೇ ನಿಲುವಂಗಿ.'

"ನಮ್ಮ ಖಾಕಿಗೂ ಇಂಥ ಕತೆ ಇದ್ಯಾ ಸಾರ್?"

"ಇದೆ. ಖಾಕ್ ಅಂದ್ರೆ ಧೂಳು. ಕೆಲಸ ನೋಡು."

ರಿಜಿಸ್ಟರಿನಲ್ಲಿ ಶನಿವಾರ ಮೇಲ್ವಿಚಾರಕಿಯೇ ಬರೆದಿದ್ದಳು: 'ನಿಲುವಂಗಿ, ಮೂರನೇ ಗುಂಡಿ ಸಡಿಲ.' ಕಾನ್‌ಸ್ಟೇಬಲ್ ಆ ಗುಂಡಿಯನ್ನು ಎಳೆದು ನೋಡಿದ. ಗಟ್ಟಿಯಾಗಿತ್ತು.

"ಭಾನುವಾರ ರಜೆ. ಕದಿಯೋಕೆ ಬಂದವನು ಗುಂಡಿ ಹೊಲಿದು ಹೋಗಿದಾನೆ," ಎಂದರು ಇನ್‌ಸ್ಪೆಕ್ಟರ್. "ಇಲ್ಲಿ ದರ್ಜಿ ಯಾರಿದ್ರಮ್ಮ?"

ಆಕೆ ಗುಂಡಿಯ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದಳು.

"ನಮ್ಮಪ್ಪ. ರಿಟೈರಾಗಿ ಐದು ವರ್ಷ ಆಯ್ತು. ಬೀರು ಬೀಗದ ಕೈ... ನಮ್ಮನೇಲೇ ಇರತ್ತೆ."

2.30ಕ್ಕೆ ಆಕೆಯನ್ನೂ ಕರೆದುಕೊಂಡು ಅವಳ ಮನೆಗೆ ಹೋದರು. ಮುದುಕ ಏನೂ ಕೇಳದೆ ತಗಡಿನ ಪೆಟ್ಟಿಗೆಯಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಅಂಗಿಯನ್ನು ತಂದಿಟ್ಟ.

"ಯಾಕ್ರೀ ಯಜಮಾನ್ರೇ?"

"ಹನ್ನೆರಡು ವರ್ಷದ ಹಿಂದೆ ಇಸ್ತ್ರಿ ಮಾಡೋವಾಗ ಸುಟ್ಟುಬಿಟ್ಟೆ ಸ್ವಾಮಿ. ಹೇಳೋಕೆ ಬಾಯಿ ಬರ್ಲಿಲ್ಲ. ತೂತಿನ ಮೇಲೆ ಹಳೇ ಬಟ್ಟೇಲಿ ಜೇಬು ಹೊಲಿದೆ. ಇವಳು ಅದನ್ನೇ ಹಳೇ ಕಾಲದ ಜೇಬು ಅಂತ ನಂಬಿದ್ಲು. ನಾಳೆ ಬಿಚ್ಚಿದ್ರೆ ನಾಲ್ಕು ಜನದ ಮುಂದೆ ನನ್ನ ಮಗಳು ತಲೆ ತಗ್ಗಿಸ್ಬೇಕಲ್ಲ."

"ಗುಂಡಿ?"

"ಜೋತಾಡ್ತಿತ್ತು. ಹಾಗೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

"ಬರೆಯೋವಾಗ್ಲೇ ಹೇಳ್ಬಹುದಿತ್ತಲ್ಲಪ್ಪ," ಎಂದಳು ಮಗಳು.

"ಬರೆದಿದ್ದನ್ನೆಲ್ಲ ನಂಗೆ ಓದಿ ಹೇಳ್ತಿದ್ದೆ ನೀನು. ನಿನ್ನ ಮುಖ ನೋಡಿದ್ರೆ ನಾಲಿಗೆ ಏಳ್ತಿರ್ಲಿಲ್ಲ."

3.10ಕ್ಕೆ ದಸ್ತಗಿರಿ. ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ 'ದುರಾಸೆ' ಎಂದು ಬರೆದೂ ಬರೆದೂ ರೂಢಿಯಾಗಿದ್ದ ಇನ್‌ಸ್ಪೆಕ್ಟರರ ಕೈ ತಡೆಯಿತು. 'ನಾಚಿಕೆ' ಎಂದು ಬರೆದರು.

ಅಪ್ಪ, ಮಗಳು ಇಬ್ಬರೂ ಠಾಣೆಯ ಒಂದೇ ಬೆಂಚಿನಲ್ಲಿ ನೆಲ ನೋಡುತ್ತ ಕೂತಿದ್ದರು.

"ನಾಳೆ ಅವರೆದುರು ಆ ಹೊಲಿಗೆ ನಾನೇ ಬಿಚ್ತೀನಿ," ಎಂದಳು ಮಗಳು.

ಮುದುಕ ತಲೆ ಎತ್ತಲಿಲ್ಲ. "ನಿಧಾನವಾಗಿ ಬಿಚ್ಚು," ಎಂದ. "ಸುಟ್ಟ ಬಟ್ಟೆ, ಎಳೆದ್ರೆ ಹರಿಯತ್ತೆ."