ಬಿಚ್ಚಿಟ್ಟ ಬಜರ್ ತಂತಿ

ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ಬಂದ ದೂರು ಅರ್ಧ ಹಾಳೆಯದು. ಕೊಟ್ಟವಳು ದೋಣಿ ಚಾಲಕನ ಹೆಂಡತಿ. ಶುಕ್ರವಾರ ಬೆಳಿಗ್ಗೆ ಎಂಟು ಐವತ್ತಕ್ಕೆ, ಜನರನ್ನು ಹೊಳೆ ದಾಟಿಸುವ ದೋಣಿಯ ಮೋಟರ್ ಕಾದು, ನಡುನೀರಿನಲ್ಲಿ ಕಚ್ಚಿಕೊಂಡು ನಿಂತಿತ್ತು. ದೋಣಿ ಅರ್ಧಕ್ಕೆ ನಿಂತ ಸೇತುವೆಯ ಕಂಬಕ್ಕೆ ಬಡಿದು ಮಗುಚಿತು. ಒಬ್ಬ ಮುದುಕಿಯೂ ಚಾಲಕನೂ ಸತ್ತರು. ಚಾಲಕನ ನಿರ್ಲಕ್ಷ್ಯವೇ ಕಾರಣವೆಂದು ಎಫ್‌ಐಆರ್ ಆಗಲೇ ದಾಖಲಾಗಿತ್ತು. ಸತ್ತವನ ಮೇಲೆ ಗೂಬೆ ಕೂರಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ, ಅವನು ಎದ್ದು ಬಂದು ತಕರಾರು ತೆಗೆಯುವುದಿಲ್ಲವಲ್ಲ.

“ಮೋಟರ್ ಬಿಸಿಯಾಗಿ ಬಜರ್ ಹೊಡ್ಕೊಂಡ್ರೂ ಓಡಿಸ್ದ ಅಂತಿದಾರೆ ಸಾರ್. ಅವರು ಅಂಥೋರಲ್ಲ.”

“ಹೇಗೆ ಹೇಳ್ತೀರಮ್ಮ?” ಇನ್ಸ್‌ಪೆಕ್ಟರ್ ಕೇಳಿದರು.

“ಮನೇಲಿ ಕುಕ್ಕರ್ ಕೂಗಿದ್ರೂ ನನಗಿಂತ ಮೊದಲು ಓಡೋರು.” ಅವಳು ಅಳಲಿಲ್ಲ. “ನನ್ನ ಮಗಳನ್ನ ಸ್ಕೂಲಲ್ಲಿ ಕೊಲೆಗಾರನ ಮಗಳು ಅಂದ್ರಂತೆ. ಅದೊಂದು ಅಳಿಸಿಕೊಡಿ ಸಾಕು.”

ಹನ್ನೊಂದೂವರೆಗೆ ದೋಣಿ ಷೆಡ್ಡಿನಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆಯಿತು. ಹೊರಗಿನಿಂದ ಕರೆಸಿದ್ದ ಮೆಕ್ಯಾನಿಕ್ ಮೋಟರ್ ಬಿಚ್ಚಿದ. ದಫೇದಾರರು ಬರೆದುಕೊಂಡರು.

“ಹೊಳೆ ನೀರನ್ನೇ ಎಳ್ಕೊಂಡು ಇದು ತಣ್ಣಗಿರೋದು ಸಾರ್. ನೀರು ಓಡ್ತಿದ್ರೆ ಹಿಂದೆ ಈ ತೂತಿಂದ ಸಣ್ಣಗೆ ಚಿಮ್ಮುತ್ತೆ. ನೋಡಿ, ನೀರೆಳ್ಕೊಳ್ಳೋ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿದೆ. ಒಳಗೆ ಪಂಪಿನ ರಬ್ಬರ್ ಸುಟ್ಟು ಕರಿಕಲಾಗಿದೆ.”

“ಚಾಲಕ ತೂತು ನೋಡಬೇಕಿತ್ತಲ್ಲ?”

“ಹೊರಡುವಾಗ ನೋಡ್ತಾರೆ. ಆಮೇಲೆ ಮುಖ ಮುಂದಕ್ಕೆ. ಬಿಸಿ ಏರಿದ್ರೆ ಕೂಗೋಕೇ ಬಜರ್ ಇರೋದು. ಕೂಗಿದ್ರೆ ಸೇತುವೆ ಹತ್ರದ ಸುಳಿಗೆ ಹೋಗೋ ಮೊದಲೇ ದಡಕ್ಕೆ ತಿರುಗಿಸ್ತಿದ್ದ.” ಮೆಕ್ಯಾನಿಕ್ ಮುಚ್ಚಳದೊಳಗೆ ಕೈ ಹಾಕಿದ. “ಅಯ್ಯೋ, ಬಜರಿಗೆ ತಂತಿನೇ ಸೇರ್ಸಿಲ್ಲ ಇಲ್ಲಿ!”

ಬಜರಿನ ತಂತಿ ಹರಿದಿರಲಿಲ್ಲ, ಯಾರೋ ಬಿಚ್ಚಿಟ್ಟಿದ್ದರು. ತುದಿಗೆ ನೀಲಿ ಟೇಪು ಎರಡು ಸುತ್ತು. ಕೊನೆಯನ್ನು ಉಗುರಗಲ ಒಳಮಡಿಸಿ ಬಿಟ್ಟಿತ್ತು, ಮತ್ತೆ ಬಿಚ್ಚಲು ಹಿಡಿತ ಸಿಗುವಂತೆ. ಇನ್ಸ್‌ಪೆಕ್ಟರ್ ಷೆಡ್ಡನ್ನು ಒಂದು ಸುತ್ತು ಹಾಕಿದರು. ಪೈಪು, ಹಗ್ಗ, ಟಾರ್ಚಿನ ಹಿಡಿ, ಎಲ್ಲದರ ಮೇಲೂ ಟೇಪಿನ ತುದಿ ಹೀಗೇ ಮಡಿಸಿತ್ತು.

“ಯಾರ ಕೈ ಇದು?”

ಉತ್ತರ ಕೊಟ್ಟವನು ಟಿಕೆಟ್ ಹರಿಯುವವನು. “ನಮ್ಮ ಟೇಪಣ್ಣಂದು ಸಾರ್. ಬೆಳಿಗ್ಗೆ ಮೋಟರ್ ಪರೀಕ್ಷೆ ಮಾಡಿ, ಚಾಲೂ ಮಾಡಿ ಚಾಲಕನ ಕೈಗೆ ಕೊಡೋರು ಅವರೇ.”

ರಿಜಿಸ್ಟರಿನಲ್ಲಿ ಟೇಪಣ್ಣನಿಗೆ ಹನ್ನೊಂದು ದಿನ ರಜೆ. ಅದು ಮುಗಿದು ಶುಕ್ರವಾರ ಏಳೂವರೆಗೆ ಹಾಜರಿ. ‘ಬಜರ್: ಸರಿ ಇದೆ’ ಎಂಬುದರ ಎದುರು ಗುರುತು, ಕೆಳಗೆ ಸಹಿ.

ಮಧ್ಯಾಹ್ನ ಎರಡೂಕಾಲಿಗೆ ಟೇಪಣ್ಣನ ಮನೆಗೆ ಹೋದಾಗ ಅವನು ಮುಂಬಾಗಿಲು ತೆರೆದಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ. ಕಾಯುತ್ತಿದ್ದನೇನೋ. ವಯಸ್ಸು ಐವತ್ತೆಂಟು.

“ತಂತಿ ಬಿಚ್ಚಿದ್ದು ನೀವಾ?”

“ಹೌದು.”

“ಯಾಕೆ?”

“ಕೀಲಿ ತಿರುಗಿಸಿದ ತಕ್ಷಣ ಒಂದ್ಸಲ ಕೂಗುತ್ತೆ ಸಾರ್, ನಾನು ಸರಿ ಇದೀನಿ ಅನ್ನೋಕೆ. ಅವತ್ತೂ ಕೂಗ್ತು.” ಅವನು ಅಂಗೈ ನೋಡಿಕೊಂಡ. “ಆಸ್ಪತ್ರೇಲಿ ನನ್ನ ಹೆಂಡತಿ ಮಂಚದ ಪಕ್ಕ ಒಂದು ಮಿಷನ್ ಇತ್ತು. ಕೊನೇಲಿ ಹಿಂಗೇ, ಒಂದೇ ಸಮ. ನರ್ಸ್ ಬರೋ ತನಕ ಕೂಗ್ತಾನೇ ಇತ್ತು. ನನಗೆ ಅದನ್ನ ಆರಿಸೋಕೆ ಬರ್ಲಿಲ್ಲ.”

“ಮತ್ತೆ ಗುರುತು ಹಾಕಿದ್ರಲ್ಲ?”

“ಸಂಜೆ ಮತ್ತೆ ಸೇರಿಸೋಣ ಅಂದ್ಕೊಂಡೆ. ನೀರು ಚೆನ್ನಾಗಿ ಚಿಮ್ತಿತ್ತು. ಒಂದಿನ ತಾನೇ ಅಂತ.”

“ಚಾಲಕನಿಗೆ ಹೇಳಿದ್ರಾ?”

“ಇಲ್ಲ. ಹೇಳಿದ್ರೆ ಅವನು ದೋಣಿ ಬಿಡ್ತಿರ್ಲಿಲ್ಲ.”

ದಫೇದಾರರು ಈ ಮಾತನ್ನು ಅಡಿಗೆರೆ ಎಳೆದು ಬರೆದುಕೊಂಡರು. ಮೂರು ಹತ್ತಕ್ಕೆ ದಸ್ತಗಿರಿ. ಮೊದಲಿನ ಪ್ರಕರಣದಿಂದ ಚಾಲಕನ ಹೆಸರು ಕೈಬಿಡಲು ನ್ಯಾಯಾಲಯಕ್ಕೆ ವರದಿ ತಯಾರಾಯಿತು.

ಐದು ಗಂಟೆಗೆ ಇನ್ಸ್‌ಪೆಕ್ಟರ್ ಆ ಹೆಂಗಸನ್ನು ಕೂರಿಸಿಕೊಂಡು ಎಲ್ಲ ಹೇಳಿದರು. ನಿಮ್ಮ ಯಜಮಾನರ ತಪ್ಪಿಲ್ಲ, ಶಾಲೆಗೂ ಒಂದು ಪತ್ರ ಕೊಡುತ್ತೇವೆ ಎಂದರು. ಅವಳು ತಲೆಯಾಡಿಸಿದಳು. ಟೇಪಣ್ಣನ ಹೆಂಡತಿಯ ವಿಷಯ ಬಂದಾಗ ಮಾತ್ರ ತಲೆ ಎತ್ತಿದಳು.

“ಅಕ್ಕನ ಹೆಣ ಎತ್ತುವಾಗ ಒಂದು ಕಡೆ ಹೆಗಲು ಕೊಟ್ಟಿದ್ದು ನಮ್ಮೋರೇ ಸಾರ್,” ಅಂದಳು. “ಅಣ್ಣನಿಗೆ ರಜ ಸಾಲದು, ಇನ್ನೊಂದು ವಾರ ಮನೇಲಿರ್ಲಿ ಅಂತಿದ್ರು. ಒಬ್ಬನೇ ಕೂತ್ರೆ ಕೊರಗ್ತಾನೆ, ಕೆಲಸಕ್ಕೆ ಕರ್ಕೊಂಡು ಹೋಗಿ ಅಂತ ಶುಕ್ರವಾರ ಕಳಿಸಿದೋಳು ನಾನು.”