ಮಾಚವ್ವನೂ ಪಾಚಿ ಮೇಯುವ ಮೀನೂ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಕತೆ ಹೇಳಲು ಇನ್ನೊಬ್ಬ ಅಜ್ಜಿ ಇದ್ದ ಕಾಲದಲ್ಲಿ, ಕಡಲಂಚಿಗೆ ಉಪ್ಪಿನಕೋಟೆ ಎಂಬ ರಾಜ್ಯವಿತ್ತು. ರಾಜ್ಯ ಅಂದಮೇಲೆ ರಾಜನೂ ಇದ್ದ. ಮೀಸೆ ದೊಡ್ಡದು, ಧೈರ್ಯ ಸಣ್ಣದು.

ಏಳು ಬೆಟ್ಟದಾಚೆ ಹವಳಕೇಶಿ ಎಂಬ ಮಾಯಗಾರನಿದ್ದ. ಅವನ ಕೂದಲು ಹವಳದ ಹಾಗೆ ಕೆಂಪು. ಅವನ ಅರಮನೆಯ ನಡುವೆ ಸ್ಫಟಿಕದ ಗೋಡೆಯ ಒಂದು ಕಡಲಕೊಳ. ಅದರ ತುಂಬ ಕಡಲಿನದೇ ನೀರು, ಜೀವಂತ ಹವಳದ ಬಂಡೆಗಳು. ಆ ಸ್ಫಟಿಕದೊಳಗೆ ಇಣುಕಿದರೆ ಹವಳಕೇಶಿಗೆ ಲೋಕವೆಲ್ಲ ಕಾಣುತ್ತಿತ್ತು. ಕಂಡದ್ದರ ಮೇಲೆಲ್ಲ ಅವನ ಮಂತ್ರ ನಡೆಯುತ್ತಿತ್ತು. ಆದರೆ ನಿಂತ ನೀರಿಗೆ ಬಿಸಿಲು ಬಿದ್ದರೆ ಪಾಚಿ ಕಟ್ಟದೆ ಇರುತ್ತದೆಯೇ? ಸ್ಫಟಿಕಕ್ಕೆ ಪಾಚಿ ಹಿಡಿದರೆ ಮಾಯಗಾರ ಕುರುಡ. ಪಾಚಿಗೆ ಯಾವ ಮಂತ್ರವೂ ತಾಗುತ್ತಿರಲಿಲ್ಲ.

ಅದಕ್ಕೇ ಅವನು ವರ್ಷಕ್ಕೊಬ್ಬ ಹುಡುಗನನ್ನು ಉಪ್ಪಿನಕೋಟೆಯಿಂದ ತರಿಸಿಕೊಂಡು, ಪಾಚಿ ಮೇಯುವ ಮೀನು ಮಾಡಿ ಕೊಳಕ್ಕೆ ಬಿಡುತ್ತಿದ್ದ. ಚೋಟುದ್ದದ ಕಂದು ಮೀನು. ದಪ್ಪ ತುಟಿ, ಹುಬ್ಬಿನ ಮೇಲೆರಡು ಕುಚ್ಚು, ಬಾಯೊಳಗೆ ಬಾಚಣಿಗೆಯಂಥ ಹಲ್ಲು. ಒಂದಕ್ಕೊಂದು ಆಗದ ಜಾತಿ, ಆದ್ದರಿಂದ ಒಂದೊಂದಕ್ಕೆ ಒಂದೊಂದು ಬಿಲ. ರಾಜ ಮಾತೆತ್ತದೆ ಹುಡುಗರನ್ನು ಕಳಿಸುತ್ತಿದ್ದ, ತನ್ನ ಅರಮನೆಯ ಕಡೆ ಆ ಕಣ್ಣು ತಿರುಗದಿದ್ದರೆ ಸಾಕು ಎಂದುಕೊಂಡು.

ಆ ವರ್ಷ ಚೀಟಿ ಎತ್ತಿದಾಗ ಬಂದ ಹೆಸರು ಬೊಮ್ಮಣ್ಣನದು. ಮಡಿವಾಳಗಿತ್ತಿ ಮಾಚವ್ವನ ಒಬ್ಬನೇ ಮಗ.

ಮಾಚವ್ವನ ಕೈಗೆ ಹೋದ ಬಟ್ಟೆಯಲ್ಲಿ ಕಲೆ ಉಳಿದದ್ದನ್ನು ಯಾರೂ ಕಂಡವರಿಲ್ಲ. ಎಣ್ಣೆಯಾಗಲಿ, ಅರಿಶಿನವಾಗಲಿ, ರಾಜನ ವೀಳ್ಯದ ಕಲೆಯಾಗಲಿ, ಸವುಳುಮಣ್ಣು ಹಾಕಿ ಉಬ್ಬೆಯ ಹಬೆಯಲ್ಲಿ ಬೇಯಿಸಿ ಬಂಡೆಗೆ ಬಡಿದಳೆಂದರೆ ಬಟ್ಟೆ ಮಲ್ಲಿಗೆಯಾಗುತ್ತಿತ್ತು. ಅದೊಂದು ಹೆಮ್ಮೆ ಅವಳಿಗಿತ್ತು. ಇನ್ನೊಂದು ಹೆಮ್ಮೆ ಬೊಮ್ಮಣ್ಣ.

ಮಗನನ್ನು ಕರೆದೊಯ್ದ ಮೂರನೆಯ ದಿನ ಅವಳು ಒಗೆಯುವ ಗಂಟನ್ನು ಕೆಳಗಿಟ್ಟು ಎದ್ದಳು.

"ಎಲ್ಲಿಗೆ ಮಾಚವ್ವಾ?" ಎಂದರು ಕೇರಿಯವರು.

"ಮಗನ್ನ ಕರಕೊಂಡು ಬರ್ತೀನಿ."

"ಹೋದ ನಾಲ್ವರ ಗತಿ ನೆನಪಿಲ್ವಾ? ಮೀನು ತಂದ್ರು. ವರ್ಷ ತುಂಬೋ ಮುಂಚೆ ನಾಲ್ಕೂ ಸತ್ತವು. ಯಾಕೆ ಸತ್ತವು ಅಂತ ಹೆತ್ತವರಿಗೇ ತಿಳೀಲಿಲ್ಲ."

"ನನ್ನ ಕೈಯಲ್ಲಿ ಸಾಯಲ್ಲ," ಎಂದಳು ಮಾಚವ್ವ, ಮತ್ತು ನಡೆದಳು.

ಏಳು ಬೆಟ್ಟ ಹತ್ತಿದಳು, ಏಳು ಬೆಟ್ಟ ಇಳಿದಳು. ಹವಳಕೇಶಿ ಅವಳನ್ನು ಬಾಗಿಲಲ್ಲೇ ಎದುರುಗೊಂಡ. ಹೆತ್ತವಳು ಬಂದು ಕೇಳಿದರೆ ಇಲ್ಲವೆನ್ನಬಾರದು, ಬೇಕಾದರೆ ಮೂರು ಪರೀಕ್ಷೆ ಒಡ್ಡಬಹುದು ಎಂದು ಅವನ ಗುರು ಹಾಕಿದ ಕಟ್ಟು. ಕಟ್ಟು ಮೀರಿದರೆ ಮಂತ್ರ ಮರೆತುಹೋಗುತ್ತದೆ.

"ಒಂದು, ಇಪ್ಪತ್ತೆರಡು ಮೀನಿನಲ್ಲಿ ನಿನ್ನ ಮಗ ಯಾರೆಂದು ಹೇಳಬೇಕು. ಎರಡು, ಅವನನ್ನು ಜೀವಸಹಿತ ಮನೆ ಮುಟ್ಟಿಸಬೇಕು. ಮೂರು, ಒಂದು ವರ್ಷ ಸಾಕಬೇಕು. ವರ್ಷ ತುಂಬಿದ ದಿನ ಮನುಷ್ಯನಾಗುತ್ತಾನೆ."

ಮಾಚವ್ವ ಕೊಳದ ಮುಂದೆ ನಿಂತಳು. ಇಪ್ಪತ್ತೆರಡು ಮೀನೂ ಅಚ್ಚೊತ್ತಿದ ಹಾಗೆ ಒಂದೇ. ಅವಳು ಸೆರಗು ಒದ್ದೆ ಮಾಡಿ ಕಲ್ಲಿಗೆ ಬಡಿಯತೊಡಗಿದಳು. "ಹುಸ್ಸೋ... ಹುಸ್ಸೋ..." ಹೊಳೆಯಲ್ಲಿ ದಿನಾ ಬಡಿಯುವ ಹಾಗೆಯೇ. ಸದ್ದಿಗೆ ಇಪ್ಪತ್ತೊಂದು ಮೀನು ಸರ್ರನೆ ಬಿಲ ಹೊಕ್ಕವು. ಒಂದು ಮಾತ್ರ ಬಿಲದ ಬಾಯಿಗೆ ಗದ್ದ ಊರಿ ಅವಳನ್ನೇ ನೋಡುತ್ತ ಕೂತಿತು. ಹೊಳೆಯಿಂದ ಅವ್ವ ಬರುವುದನ್ನು ಕಾಯುತ್ತ ಬೊಮ್ಮಣ್ಣ ಹೊಸ್ತಿಲಲ್ಲಿ ಕೂರುತ್ತಿದ್ದದ್ದು ಹಾಗೆಯೇ.

"ಇವನೇ," ಎಂದಳು.

ಹವಳಕೇಶಿ ಮೀನನ್ನು ಮಡಕೆಗೆ ಬಿಟ್ಟುಕೊಟ್ಟ. ಜೊತೆಗೆ ಕೊಳದೊಳಗಿನ ಒಂದು ಕಲ್ಲನ್ನೂ ಕೊಟ್ಟ. ತುಂಬ ಹಸಿರು ಪಾಚಿ, ಮುಟ್ಟಿದರೆ ಜಾರುತ್ತಿತ್ತು. "ಇದನ್ನೂ ಕೊಡಬೇಕೆಂದು ಗುರುವಿನ ಕಟ್ಟು ಇದೆ. ಕೊಟ್ಟಿದ್ದೇನೆ. ಆಮೇಲೆ ಕೊಡಲಿಲ್ಲ ಅನ್ನಬೇಡ," ಎಂದ. ಅವನ ತುಟಿಯಲ್ಲಿ ನಗು ಇತ್ತು.

ದಾರಿಯ ಮೊದಲ ದಿನ ದಣಿದವನೊಬ್ಬ ಅಡ್ಡ ಬಂದ. "ತಾಯೀ, ಮಡಕೆಯ ನೀರು ಒಂದು ಗುಟುಕು ಕೊಡು." ಅವನ ಕಾಲು ಕೊಕ್ಕರೆಯ ಕಾಲು. ಮಾಚವ್ವ ನೋಡಿದಳು, ಮೀನಿಗೆ ಹೊಂಚಿದ ಮಾಯಗಾರನ ಆಟವೆಂದು ತಿಳಿದಳು. "ಇದು ಉಪ್ಪುನೀರಪ್ಪಾ," ಎಂದು ತನ್ನ ಸೋರೆಬುರುಡೆಯ ನೀರನ್ನಷ್ಟೂ ಅವನಿಗೆ ಹೊಯ್ದು, ಒಣ ಬಾಯಲ್ಲೇ ಮುಂದೆ ನಡೆದಳು. ಎರಡನೆಯ ದಿನ ಮುದುಕಿಯೊಬ್ಬಳು ನಡುಗುತ್ತ ಕೂತಿದ್ದಳು. "ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆ ಕೊಡು ಮಗಳೇ, ಹೊದ್ದುಕೊಳ್ತೀನಿ." ಅವಳದೂ ಕೊಕ್ಕರೆಯ ಕಾಲು. ಮಾಚವ್ವ ತನ್ನ ಸೀರೆಯನ್ನೇ ಅರ್ಧ ಹರಿದು ಹೊದಿಸಿದಳು. ಮೂರನೆಯ ದಿನ ಯಾರೂ ಬರಲಿಲ್ಲ. ಆದರೆ ಕಡಲ ಗಾಳಿ ಬೀಸಿದ್ದೇ ತಡ, ಮೀನು ತಾನಾಗಿಯೇ ಬಟ್ಟೆಯ ಸಂದಿಯಿಂದ ಹಾರಿತು. ಆ ಜಾತಿಯ ಬುದ್ಧಿಯೇ ಅದು. ಮಾಚವ್ವ ಮಡಕೆ ಬಿಡಲಿಲ್ಲ, ಇನ್ನೊಂದು ಕೈಯ ಸೆರಗಿನಲ್ಲಿ ಮಗನನ್ನು ಹಿಡಿದಳು.

"ಎಲ್ಲಿಗೋ ಹೋಗ್ತೀಯಾ? ಮನೆ ಬಂತು," ಎಂದು ಬೈದಳು, ಅತ್ತಳು, ಮತ್ತೆ ನೀರಿಗೆ ಬಿಟ್ಟಳು.

ಎರಡು ಪರೀಕ್ಷೆ ಮುಗಿದವು. ಮೂರನೆಯದನ್ನು ನೆನೆದು ಅವಳಿಗೆ ನಗುವೇ ಬಂತು. ಹೆತ್ತ ಮಗನನ್ನು ಒಂದು ವರ್ಷ ಸಾಕುವುದೂ ಒಂದು ಪರೀಕ್ಷೆಯೇ?

ಅಂಗಳದ ಕಲ್ಲುಬಾನಿಗೆ ಕಡಲ ನೀರು ಹೊತ್ತು ತುಂಬಿದಳು. ಹವಳಕೇಶಿ ಕೊಟ್ಟ ಕಲ್ಲನ್ನು ಕೈಗೆತ್ತಿಕೊಂಡು ಮುಖ ಸಿಂಡರಿಸಿದಳು. "ನನ್ನ ಮಗನಿಗೆ ಕೊಳಕು ಕಲ್ಲು ಕೊಟ್ಟು ಕಳಿಸಿದ್ದಾನೆ, ಹಾಳಾದವನು!" ತೆಂಗಿನ ನಾರು ತಗೊಂಡು ಉಜ್ಜಿದಳು ನೋಡಿ, ಕಲ್ಲು ಹಾಲಿನ ಹಾಗೆ ಬೆಳ್ಳಗಾಯಿತು. ಅದನ್ನು ಬಾನಿಯ ನಡುವೆ ಇಟ್ಟು ಮಗನನ್ನು ಬಿಟ್ಟಳು.

ಅವತ್ತಿನಿಂದ ದಿನಾ ಬೆಳಿಗ್ಗೆ ಹೊಳೆಗೆ ಹೋಗುವ ಮುಂಚೆ ಬಾನಿ ಉಜ್ಜುವುದು, ಕಲ್ಲು ಉಜ್ಜುವುದು, ಹೊಸ ನೀರು ಹೊಯ್ಯುವುದು. ಎಲ್ಲಾದರೂ ಎಳೆ ಹಸಿರು ಕಂಡರೆ ಉಗುರಿನಲ್ಲಿ ಕೆರೆದು ತೆಗೆಯುತ್ತಿದ್ದಳು. ಕೇರಿಯವರು ಬಂದು ಬಾನಿ ನೋಡಿ ಮೂಗಿನ ಮೇಲೆ ಬೆರಳಿಡುತ್ತಿದ್ದರು. "ರಾಜನ ಮನೆ ಬೆಳ್ಳಿತಟ್ಟೆಯೂ ಇಷ್ಟು ಹೊಳೆಯಲ್ಲ ಮಾಚವ್ವಾ!"

ಊಟಕ್ಕೂ ಕಡಿಮೆ ಮಾಡಲಿಲ್ಲ. ಬೊಮ್ಮಣ್ಣನಿಗೆ ಸೀಗಡಿ ಅಂದರೆ ಪ್ರಾಣ. ಸೀಗಡಿಯನ್ನು ಎಳೆಎಳೆಯಾಗಿ ಬಿಡಿಸಿ ಹಾಕಿದಳು. ಅನ್ನದ ಅಗುಳು ಹಾಕಿದಳು, ಹಬ್ಬದ ದಿನ ಹೂರಣವನ್ನೂ ಹಾಕಿದಳು. ಮೀನು ಬಾಯಿಗೆ ತೆಗೆದುಕೊಳ್ಳುವುದು, ಉಗುಳುವುದು. ಮತ್ತೆ ಹೋಗಿ ಆ ಬಿಳಿಕಲ್ಲಿಗೆ ಬಾಯಿ ಹಚ್ಚಿ ಕೆರೆಯುವುದು. ಟಕ್ ಟಕ್ ಟಕ್.

"ನೋಡು, ಅವ್ವನ ಕೆಲಸಕ್ಕೆ ಕೈಗೂಡಿಸ್ತಾನೆ!" ಎಂದು ಮಾಚವ್ವ ಹಿಗ್ಗುತ್ತಿದ್ದಳು. ಚಿಕ್ಕಂದಿನಲ್ಲಿ ಅವನು ತನ್ನ ಪುಟ್ಟ ಚಡ್ಡಿಯನ್ನು ಬಂಡೆಗೆ ಬಡಿಯುತ್ತಿದ್ದನಲ್ಲ, ಹಾಗೆ. "ಸಾಕು ಬಿಡೋ, ನಾನು ಆಗಲೇ ಉಜ್ಜಿದೀನಿ."

ಮೀನು ತೆಳ್ಳಗಾಯಿತು. ಸಾಗಿಸಿದ ದಣಿವೇನೋ ಎಂದುಕೊಂಡಳು. ಮಳೆಗಾಲ ಬಂತು, ಹೊಟ್ಟೆ ಬೆನ್ನಿಗೆ ಹತ್ತಿತು. ನೀರಿನ ಕೊಳೆಯೇನೋ ಎಂದುಕೊಂಡು ದಿನಕ್ಕೆ ಎರಡು ಸಲ ಉಜ್ಜಿದಳು. ಎಷ್ಟು ಹೆದರಿದಳೋ ಅಷ್ಟು ಉಜ್ಜಿದಳು.

ವರ್ಷ ತುಂಬಲು ಹನ್ನೊಂದು ದಿನ ಉಳಿದಿತ್ತು. ರಾಜನ ಮಗಳ ಮದುವೆಯೆಂದು ಅರಮನೆಯ ಬಟ್ಟೆಯೆಲ್ಲ ಮಾಚವ್ವನ ತಲೆಗೆ ಬಿತ್ತು. ಆರು ದಿನ ಅವಳಿಗೆ ಹೊಳೆದಂಡೆ ಬಿಟ್ಟು ಬರಲಾಗಲಿಲ್ಲ. ಪಕ್ಕದ ಮನೆಯ ಸಿದ್ದವ್ವ ನೀರು ನೋಡಿಕೊಂಡಳು, ಆದರೆ ಉಜ್ಜಲಿಲ್ಲ. ಅವಳಿಗೆಲ್ಲಿ ಅಷ್ಟು ಪುರುಸೊತ್ತು!

ಏಳನೆಯ ದಿನ ಮಧ್ಯಾಹ್ನ ಮಾಚವ್ವ ಓಡೋಡಿ ಬಂದು ಬಾನಿಗೆ ಬಗ್ಗಿದಳು. ಬಿಸಿಲು ಬೀಳುವ ಕಡೆ, ಕಲ್ಲಿನ ಅಂಚಿನಲ್ಲಿ, ಅಂಗೈಯಗಲ ಹಸಿರು ಮೂಡಿತ್ತು. ನಾರಿಗೆ ಕೈ ಹಾಕಿದವಳು ನಿಂತಳು. ಆ ಹಸಿರಿನಲ್ಲಿ ಸಾಲುಸಾಲು ಗೆರೆ ಇತ್ತು. ತಲೆಗೆ ಎಣ್ಣೆ ಹಚ್ಚಿ ಬಾಚಣಿಗೆ ಎಳೆದರೆ ಬೀಳುವಂಥ ಸಣ್ಣ ಗೆರೆ. ಬಾಚಣಿಗೆಯಂಥ ಹಲ್ಲಿನ ಗೆರೆ. ಮೀನು ಅದರ ಪಕ್ಕದಲ್ಲೇ ಒರಗಿ ಮಲಗಿತ್ತು, ಆ ಹಸಿರನ್ನು ಬಿಟ್ಟು ಒಂದು ಬೆರಳಿನಷ್ಟೂ ದೂರ ಹೋಗಿರಲಿಲ್ಲ.

ಮಾಚವ್ವನಿಗೆ ಆಗ ತಿಳಿಯಿತು. ಎಲ್ಲ ಒಟ್ಟಿಗೇ ತಿಳಿಯಿತು. ಅವನು ಕೈಗೂಡಿಸುತ್ತಿರಲಿಲ್ಲ. ಊಟ ಹುಡುಕುತ್ತಿದ್ದ. ಮುನ್ನೂರೈವತ್ತು ದಿನ ಅವಳು ಮಗನ ಎಲೆಯ ಮೇಲಿನ ಅನ್ನವನ್ನು ಬಾಚಿ ಚೆಲ್ಲಿದ್ದಳು, ಹಾಡು ಹೇಳಿಕೊಳ್ಳುತ್ತ.

ಕಡಲಿಗೆ ಓಡಿದಳು. ಪಾಚಿ ಕಟ್ಟಿದ ಕಲ್ಲುಗಳನ್ನು ಮಡಿಲಲ್ಲಿ ತುಂಬಿ ತಂದಳು, ಮಂಡಿ ಒಡೆದು ರಕ್ತ ಸುರಿದರೂ ನೋಡಲಿಲ್ಲ. "ತಿನ್ನು ಮಗನೇ, ತಿನ್ನು. ಕೊಳಕಾದರೆ ಆಗಲಿ, ಬಾನಿ ತುಂಬ ಕೊಳಕಾಗಲಿ." ಮೀನು ಎರಡು ಸಲ ಬಾಯಿ ಹಚ್ಚಿತು. ಮೂರನೆಯ ಸಲಕ್ಕೆ ಶಕ್ತಿ ಸಾಲಲಿಲ್ಲ. ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಅವಳ ಬೊಗಸೆಯಲ್ಲೇ ಪ್ರಾಣ ಬಿಟ್ಟಿತು. ವರ್ಷ ತುಂಬಲು ಇನ್ನು ಮೂರು ದಿನವಿತ್ತು.

ಅವಳ ದುಃಖ ಹೇಳಿ ಮುಗಿಸುವಂಥದಲ್ಲ, ಹೇಳುವುದಿಲ್ಲ. ಒಂದು ತಿಂಗಳು ಒಗೆಯಲಿಲ್ಲ, ತಲೆ ಬಾಚಲಿಲ್ಲ, ಯಾರೊಂದಿಗೂ ಮಾತಾಡಲಿಲ್ಲ. ಬಾನಿಯ ಕಲ್ಲು ಪೂರಾ ಹಸಿರಾಯಿತು. ಅದನ್ನು ನೋಡುತ್ತ ಕೂತವಳಿಗೆ ಒಂದು ದಿನ ಕೊಳದಲ್ಲಿ ಉಳಿದ ಇಪ್ಪತ್ತೊಂದು ಬಿಲಗಳ ನೆನಪಾಯಿತು. ಎದ್ದು ಮುಖ ತೊಳೆದು, ಆ ಸಲದ ಚೀಟಿ ಎತ್ತುವ ಮುಂಚೆಯೇ ಇಪ್ಪತ್ತೊಂದು ಮನೆಯ ಬಾಗಿಲು ತಟ್ಟಿದಳು.

"ಹೋಗಿ ಕರಕೊಂಡು ಬನ್ನಿ. ದಾರಿಯಲ್ಲಿ ಮಡಕೆಯ ಬಟ್ಟೆ ಸಡಿಲಿಸಬೇಡಿ. ಇಬ್ಬರ ಮೀನು ಒಂದೇ ಬಾನಿಗೆ ಹಾಕಬೇಡಿ, ಕಚ್ಚಾಡ್ತಾವೆ. ಬಾನಿ ಬಿಸಿಲಲ್ಲಿಡಿ. ಮತ್ತೆ..." ಅವಳು ಇಲ್ಲಿ ಪ್ರತಿ ಮನೆಯಲ್ಲೂ ತಡೆದು ನಿಲ್ಲುತ್ತಿದ್ದಳು. "ಮತ್ತೆ ಉಜ್ಜಬೇಡ್ರವ್ವಾ. ಕಂಡವರು ಏನಾದರೂ ಅನ್ನಲಿ, ಕಲ್ಲು ಉಜ್ಜಬೇಡಿ. ನಾನು ಉಜ್ಜಿದೆ."

ಕಲೆ ಉಳಿಸದ ಮಾಚವ್ವನ ಬಾಯಲ್ಲಿ ಈ ಮಾತು! ನಂಬದೆ ಇರಲು ಯಾರಿಗೂ ಆಗಲಿಲ್ಲ.

ಇಪ್ಪತ್ತೊಂದು ತಾಯಂದಿರು ಹೋದರು. ಒಬ್ಬಳು ಭತ್ತ ಕುಟ್ಟುವ ಹಾಡು ಹಾಡಿದಳು, ಒಬ್ಬಳು ಬಳೆ ಕುಲುಕಿದಳು, ಒಬ್ಬಳು ಬರಿದೇ ಕೆಮ್ಮಿದಳು. ಮಕ್ಕಳು ಗುರುತು ಕೊಟ್ಟರು. ಹವಳಕೇಶಿ ನಗುತ್ತ ಕೊಟ್ಟು ಕಳಿಸಿದ. ಸತ್ತ ಸುದ್ದಿ ಬರಲಿ, ಹೊಸಬರನ್ನು ತರಿಸಿದರಾಯಿತು ಎಂದುಕೊಂಡ. ಆದರೆ ಮೇಯುವವರಿಲ್ಲದ ಕೊಳಕ್ಕೆ ಒಂದೇ ತಿಂಗಳಲ್ಲಿ ಪಾಚಿ ಮುಚ್ಚಿತು. ಕಾಣದವನ ಮಂತ್ರ ಯಾರ ಮೇಲೂ ನಡೆಯಲಿಲ್ಲ. ಇನ್ನು ಹೆದರಿಕೆಯಿಲ್ಲವೆಂದು ಖಾತ್ರಿಯಾದಮೇಲೆ ನಮ್ಮ ರಾಜನೂ ಮೀಸೆ ತಿರುವಿ, "ಹುಡುಗರನ್ನು ಕೊಡುವುದಿಲ್ಲ!" ಎಂದು ಗುಡುಗಿದ.

ಕೊನೆಗೆ ಮಾಯಗಾರನೇ ತಡವರಿಸುತ್ತ ಏಳು ಬೆಟ್ಟ ಇಳಿದು ಮಾಚವ್ವನ ಅಂಗಳಕ್ಕೆ ಬಂದ. ಕೆಂಪು ಕೂದಲು ಬೂದಿಬಣ್ಣವಾಗಿತ್ತು, ಮೊಣಕೈವರೆಗೂ ಪಾಚಿ.

"ನಿನ್ನಂಥ ಕೈ ಈ ಸೀಮೆಯಲ್ಲಿ ಇನ್ನೊಂದಿಲ್ಲವಂತೆ. ಒಂದು ಸಲ ಬಂದು ಕೊಳ ಉಜ್ಜಿ ಕೊಡು ತಾಯೀ. ಕೇಳಿದ್ದು ಕೊಡುತ್ತೇನೆ."

"ಸತ್ತವನನ್ನು ಕೊಡ್ತೀಯಾ?"

ಅವನು ಮೊಣಕೈಗೆ ಮೆತ್ತಿದ ಪಾಚಿಯನ್ನು ಒರೆಸಿಕೊಂಡ.

"ಹಾಗಾದರೆ ಹೋಗು," ಎಂದಳು ಮಾಚವ್ವ. ಅವನು ಹೋದ. ಎಲ್ಲಿ ಹೋದನೋ, ಆಮೇಲೆ ಅವನನ್ನು ಕಂಡವರಿಲ್ಲ.

ವರ್ಷ ತುಂಬಿತು. ಇಪ್ಪತ್ತೊಂದು ಹಸಿರು ಬಾನಿಗಳಿಂದ ಇಪ್ಪತ್ತೊಂದು ಹುಡುಗರು ನೀರು ಸುರಿಸುತ್ತ ಎದ್ದು ನಿಂತರು. ಉಪ್ಪಿನಕೋಟೆಯಲ್ಲಿ ಮನೆಮನೆಗೂ ತೋರಣ ಕಟ್ಟಿದರು, ಪಾಯಸ ಕುದಿಸಿದರು. ಅವರೆಲ್ಲ ನೂರು ಕಾಲ ಸುಖವಾಗಿದ್ದರು, ಇದರಲ್ಲಿ ಸುಳ್ಳಿಲ್ಲ.

ಗಲಾಟೆಯೆಲ್ಲ ಮುಗಿದ ಮೇಲೆ ತಿಪ್ಪೇಶಿ ಎಂಬ ಹುಡುಗ ಮಾಚವ್ವನ ಮನೆಗೆ ಬಂದ. ಕೊಳದಲ್ಲಿ ಬೊಮ್ಮಣ್ಣನ ಪಕ್ಕದ ಬಿಲ ಅವನದಾಗಿತ್ತು. ಮಾಚವ್ವ ಅವನನ್ನು ಕೂರಿಸಿಕೊಂಡು, ಯಾರನ್ನೂ ಕೇಳಲಾಗದ ಪ್ರಶ್ನೆಯನ್ನು ಕೇಳಿದಳು.

"ಮೀನಾಗಿದ್ದಾಗ ನಿನಗೆ ಅವ್ವನ ಗುರುತು ಸಿಗ್ತಿತ್ತಾ?"

"ಸಿಗ್ತಿತ್ತು."

"ದಿನಾನೂ?"

"ದಿನಾನೂ. ಅವ್ವ ನೀರಿಗೆ ಕೈ ಇಟ್ಟರೆ ಇದು ಅವ್ವನ ಕೈ ಅಂತ ಗೊತ್ತಾಗ್ತಿತ್ತು."

ಅಂದರೆ ಬೊಮ್ಮಣ್ಣನಿಗೂ ಗೊತ್ತಿತ್ತು. ನಾರು ಹಿಡಿದು ದಿನಾ ಬರುತ್ತಿದ್ದ ಕೈ ಯಾರದೆಂದು ಗೊತ್ತಿತ್ತು. ಮಾಚವ್ವ ಬಾಯಿಗೆ ಸೆರಗು ಒತ್ತಿಕೊಂಡು, ಅಷ್ಟು ದಿನ ಅಳದಿದ್ದದ್ದನ್ನೆಲ್ಲ ಅತ್ತಳು. ತಿಪ್ಪೇಶಿ ಏನು ಮಾಡಬೇಕೆಂದು ತೋಚದೆ ಅವಳ ಕಾಲ ಬಳಿ ಕೂತೇ ಇದ್ದ.

ಅತ್ತು ಮುಗಿದ ಮೇಲೆ ಅವಳು ಎದ್ದು ಒಲೆ ಹೊತ್ತಿಸಿದಳು. ಪಾತ್ರೆಗೆ ಕೈ ಹಾಕಿದವಳು ನಿಂತು, ಹುಡುಗನ ಕಡೆ ತಿರುಗಿದಳು.

"ಉಂಡು ಹೋಗು. ನಿನಗೆ ಏನು ಸೇರುತ್ತೆ, ನೀನೇ ಹೇಳು."

"ಗಂಜಿ," ಎಂದ ತಿಪ್ಪೇಶಿ. "ಉಪ್ಪು ಹಾಕಬೇಡಿ."

ಅವಳು ಉಪ್ಪು ಹಾಕದೆ ಗಂಜಿ ಕಾಯಿಸಿ, ಅವನು ಕುಡಿದು ಮುಗಿಸುವವರೆಗೂ ಎದುರಿಗೆ ಕೂತು ನೋಡಿದಳು.