ಬರೀ ಫಾಲ್ಸ್ ಅನ್ನುವವಳು

ತನುಜ ತನ್ನ ಕುರ್ಚಿಯನ್ನು ಜಗನ್ ಪಕ್ಕಕ್ಕೆ ಎಳೆದುಕೊಂಡು ಕೂತಾಗ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡುವುದೇನು?

ನಮ್ಮದು ಶಿಡ್ಲಘಟ್ಟದ ಪುಟ್ಟ ಆಫೀಸು. ರೇಷ್ಮೆಗೂಡಿನ ಹರಾಜಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡುವ ಟೆಸ್ಟ್‌ಗಳನ್ನು ಬರೆಯುವವಳು ನಾನು, ಯಾಮಿನಿ. ಬಂದ ದಿನದಿಂದ ಜಗನ್ ನನ್ನ ಪಕ್ಕದಲ್ಲೇ ಕೂತು ಅವನ್ನು ಓದುತ್ತಿದ್ದ. ಈಗ ಹೊಸದಾಗಿ ಬಂದ ಈ ಮಹಾರಾಣಿ ಮ್ಯಾಚರ್ ಲೈಬ್ರರಿ ಅಂತ ಒಂದು ಸಿದ್ಧ ಕೋಡ್ ಕಟ್ಟನ್ನು ತಂದಿದ್ದಾಳೆ. ಅದನ್ನು ಹಾಕಿದರೆ ಟೆಸ್ಟು ಮನುಷ್ಯರ ಮಾತಿನ ಹಾಗೆ ಓದಿಸಿಕೊಳ್ಳುತ್ತದಂತೆ: ‘ಗೆದ್ದ ಬಿಡ್, ಮಿಕ್ಕೆಲ್ಲ ಬಿಡ್‌ಗಿಂತ ದೊಡ್ಡದಿರಬೇಕು.’ ಜಗನ್ ಅದನ್ನು ಓದಿ ನಕ್ಕ. ಎಡಗೆನ್ನೆಯ ಗುಳಿ ಸಮೇತ ಆ ನಗು ನನ್ನದಾಗಿತ್ತು.

ಅದೇ ಉರಿಯಲ್ಲಿ ಎಡವಟ್ಟು ಮಾಡಿಕೊಂಡೆ. ಗೌರಿಬಿದನೂರಿನ ಹೊಸ ಆಫೀಸಿಗೆ ಜಗನ್ ಜೊತೆ ಹೋಗುತ್ತೀಯಾ ಎಂದು ನಮ್ಮ ಬಾಸ್ ಚಲಪತಿ ಸರ್ ಕೇಳಿದರೆ, ಆಗಲ್ಲ ಎಂದುಬಿಟ್ಟೆ. ಸರಿ, ತನುಜ ಹೋಗಲಿ ಎಂದರು ಅವರು. ಕೈಯಾರೆ ಅವನನ್ನು ಅವಳಿಗೆ ಒಪ್ಪಿಸಿದ ಹಾಗಾಯಿತು.

ಸಂಜೆ ಟೀ ಅಂಗಡಿ ಮುಂದೆ ಜಗನ್ ಅಡ್ಡ ನಿಂತ. ನಾನು ಮುಖ ತಿರುಗಿಸಿದೆ. ಅವನೂ ಅತ್ತಲೇ ಬಗ್ಗಿ ನನ್ನ ಕಣ್ಣನ್ನು ಹುಡುಕಿದ.

“ಯಾಕೆ ಆಗಲ್ಲ ಅಂದೆ?”

“ಆಗಲ್ಲ ಅಂದ್ರೆ ಆಗಲ್ಲ ಕಣೋ.”

“ನೀನೂ ನಿನ್ನ ಟೆಸ್ಟ್ ಥರಾನೇ ಕಣೇ. ಫೇಲ್ ಆದ್ರೆ ಬರೀ ಫಾಲ್ಸ್, ತಪ್ಪು ಅನ್ನುತ್ತೆ. ಏನು ಬೇಕಿತ್ತು, ಏನು ಸಿಕ್ತು, ಒಂದೂ ಹೇಳಲ್ಲ. ಮ್ಯಾಚರ್ ಆದ್ರೆ ಎರಡೂ ಹೇಳುತ್ತೆ. ನಿನ್ನ ಟೆಸ್ಟ್‌ಗಳಿಗೆ ಹಾಕಿಕೊಡಣ ಅಂತ್ಲೇ ಅವಳ ಹತ್ರ ಕಲೀತಿದ್ದೆ.”

ನನಗಾಗಿ ಕಲಿಯುತ್ತಿದ್ದನಂತೆ. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

“ಹಂಗಾದ್ರೆ ಕೇಳು. ಬೇಕಿದ್ದಿದ್ದು, ಜಗನ್ ನನ್ನ ಪಕ್ಕ, ಯಾವಾಗ್ಲೂ. ಸಿಕ್ಕಿದ್ದು, ಜಗನ್ ತನುಜ ಪಕ್ಕ.”

ಅವನ ಕೆನ್ನೆಯಲ್ಲಿ ಗುಳಿ ಬಿತ್ತು. “ನಂಗೂ ಬೇಕಿದ್ದಿದ್ದು ಅದೇ ಕಣೇ,” ಎಂದ, ಮೆಲ್ಲಗೆ.

ಆಮೇಲೆ ಚಲಪತಿ ಸರ್‌ಗೆ ಫೋನ್ ಮಾಡಿ, ಗೌರಿಬಿದನೂರಿಗೆ ಯಾಮಿನಿಯೇ ಬರುತ್ತಾಳೆ ಎಂದ. ಆ ಕಡೆಯಿಂದ ಅವರೇನೋ ಕೇಳಿದರು. ಅವನು ಫೋನನ್ನು ನನ್ನ ಕೈಗಿಟ್ಟ.

“ಕಾರಣ ಕೇಳ್ತಿದ್ದಾರೆ.”

ಬೆಳಿಗ್ಗೆಯಾಗಿದ್ದರೆ ಸುಮ್ಮನೆ ಅಂತ ಹೇಳಿ ಇಟ್ಟುಬಿಡುತ್ತಿದ್ದೆ. ಈಗ ಅವನ ಬೆರಳು ಹಿಡಿದುಕೊಂಡು ಬಾಯಿಬಿಟ್ಟೆ.

“ಸರ್, ನಂಗೆ ಜಗನ್ ಅಂದ್ರೆ ಇಷ್ಟ. ಅದಕ್ಕೇ.”